ಕಪ್ಪು ಮೀಸೆ

ರಕ್ತದ ಬಾಟಲಿ ಎರಡನೆಯ ದಿನ ಮಬ್ಬಾಯಿತು.
ದೊಮಾಸಿಯ ಹುಡುಗಿ, ಒಂಬತ್ತು ದಿನದ ಜ್ವರ,
ಹಾಸಿಗೆ ಹನ್ನೊಂದು.
ಜೊಂಬಾ ಆಸ್ಪತ್ರೆಯ ಹಿಂಬದಿಯ ಈ ಕೋಣೆಯಲ್ಲಿ
ಅವಳಿಗೆ ಸಂಖ್ಯೆ ಸಾಕು.
ಹೆಸರು ಬೇಕಾದದ್ದು ಅವಳೊಳಗೆ ಕೂತವನದು.

ಬಣ್ಣ ಹಾಕಿದೆ. ನೇರಳೆ ನಿಲ್ಲದೆ ತೊಳೆದುಹೋಯಿತು.
ಉಳಿದವು ನಸುಗೆಂಪು ಕಡ್ಡಿಗಳು,
ಯಾರೋ ಅವಸರದಲ್ಲಿ ಚೆಲ್ಲಿದ ಬೆಂಕಿಕಡ್ಡಿಗಳ ಹಾಗೆ.
ಇಷ್ಟರಿಂದ ಏನು ಹೇಳುವುದು?
ಊರಿನ ಅರ್ಧ ಜನ ಹೀಗೇ ಕಾಣುತ್ತಾರೆ.

‘ಇವನನ್ನು ಮಾತಾಡಿಸುವುದು ಹೇಗೆ?’
ಯಾಂಖೊ ಕೇಳಿದ, ಬಂದು ಮೂರು ವಾರವಾದ ಹುಡುಗ.
ಚಿಚೆವಾದಲ್ಲಿ ಅವನ ಹೆಸರಿಗೆ ‘ಉತ್ತರ’ ಎಂದರ್ಥ,
ಬಾಯಿ ಬಿಟ್ಟರೆ ಪ್ರಶ್ನೆ.
ಬಡಿಸಿ ನೋಡು, ಎಂದೆ.
ಗುರುತಿಲ್ಲದ ನೆಂಟನ ಮನೆತನ
ತಟ್ಟೆಯಲ್ಲಿ ಬಿಟ್ಟದ್ದರಿಂದ ತಿಳಿಯುತ್ತದೆ.

ಹಾಲಿನ ಸಕ್ಕರೆಯನ್ನು ಮುಟ್ಟಿರಲಿಲ್ಲ ಅವನು.
ಸಂಜೆ ನಳಿಕೆಗಳನ್ನು ಸಾಲಾಗಿ ಇಟ್ಟೆವು.

ನಡುರಾತ್ರಿ ಕರೆಂಟು ಹೋಯಿತು.
ಇನ್‌ಕ್ಯುಬೇಟರು ಆರದಿರಲೆಂದು
ಉಟ್ಟ ಚಿಟೆಂಜೆ ಬಿಚ್ಚಿ ಅದಕ್ಕೆ ಸುತ್ತಿದೆ,
ಮಗುವಿಗೆ ಹೊದಿಸಿದ ಹಾಗೆ ಅಂಚು ಒಳಗೆ ತುರುಕಿದೆ,
ಯೂನಿಫಾರ್ಮಿನ ಲಂಗದಲ್ಲೇ ಚಳಿಗೆ ಕೂತೆ.
ಓಣಿಯ ಆಚೆ ವಾರ್ಡಿನಲ್ಲಿ
ಹುಡುಗಿಯ ತಾಯಿ ಬಟ್ಟೆ ಅದ್ದಿ ಹಿಂಡುವ ಸದ್ದು,
ಅದ್ದಿ, ಹಿಂಡಿ, ಮತ್ತೆ ಅದ್ದಿ.
ಅವಳು ಆರಿಸುತ್ತಿದ್ದದ್ದನ್ನೇ
ನಾನು ಬೆಚ್ಚಗಿಡುತ್ತಿದ್ದೆ.

ಬೆಳಿಗ್ಗೆ ಯಾಂಖೊ ಒಂದೊಂದೇ ಎತ್ತಿ ಕಿಟಕಿಗೆ ಹಿಡಿದ.
ಸಿಟ್ರೇಟ್ ಹಸಿರಾಗೇ ಇದೆ.
ಯೂರಿಯಾ ಗುಲಾಬಿಯಾಗಿಲ್ಲ.
ಮೆತ್ತನೆ ಅಗರಿನಲ್ಲಿ ಚುಚ್ಚಿದ ಗೆರೆ ಬಿಟ್ಟು
ಮಂಜಿನ ಹಾಗೆ ಸುತ್ತಾಡಿದ್ದಾನೆ, ಅಲೆಮಾರಿ.
ಗ್ಲೂಕೋಸ್ ಪೂರಾ ಉಂಡಿದ್ದಾನೆ,
ಒಂದು ತೇಗೂ ಇಲ್ಲ.

ಕೊನೆಯ ನಳಿಕೆ: ಮೇಲೆ ಕೆಂಪು, ಕೆಳಗೆ ಹಳದಿ,
ಸೂಜಿ ಇಳಿದ ಜಾಗದಲ್ಲಿ
ಎಳೆಯಾಗಿ ಒಂದು ಕಪ್ಪು ಮೀಸೆ.
ಯಾಂಖೊ ತನ್ನ ಮೇಲ್ದುಟಿ ಮುಟ್ಟಿಕೊಂಡ,
ಅಲ್ಲೂ ಅಷ್ಟೇ ಚಿಗುರಿತ್ತು.

ಸೀರಮ್ಮಿನ ಹನಿಯಲ್ಲಿ ಕಲಕಿದೆ, ಹಾಲು ಒಡೆದಂತೆ ಒಡೆಯಿತು.
ಟೈಫಾಯ್ಡ್, ಎಂದೆ.
ಪೆನ್ಸಿಲಿನಲ್ಲಿ ಬರೆದೆ. ವಾರ್ಡಿಗೆ ಓಡು, ಎಂದೆ.
ಬಾಗಿಲಲ್ಲಿ ನಿಂತು ಕೇಳಿದ:
‘ಅಲ್ಲಿ ಯಾರೆಂದು ಕೇಳಲಿ?’
ಚೀಟಿ ಹುಡುಕಿದೆ. ಹೆಸರಿನ ಮೇಲೆ ನೀರು ಬಿದ್ದಿತ್ತು.

ಚಿಟೆಂಜೆ ಬಿಚ್ಚಲು ಹೋದೆ. ಇನ್ನೂ ಬೆಚ್ಚಗಿತ್ತು.
ಅಲ್ಲೇ ಬಿಟ್ಟೆ.
ಯಾವ ಮದ್ದಿಗೆ ಅಂಜುತ್ತಾನೆ, ಯಾವುದಕ್ಕೆ ನಗುತ್ತಾನೆ
ಗೊತ್ತಾಗಲು
ಇನ್ನೂ ಒಂದು ರಾತ್ರಿ ಅವನನ್ನು ಕಾಯಬೇಕು.