ಪಾಪದ್ದು

ಬಿಜೈಯ ಈ ಮನೆಯಲ್ಲಿ ಮೊದಲು ಕಂಡದ್ದು
ಮೀಟರ್ ಪೆಟ್ಟಿಗೆಯ ಹಿಂದಿನಿಂದ ಎರಡು ಕಾಲು,
ಆಮೇಲೆ ಉಳಿದ ಆರು.
ಅಂಗೈಯಗಲ. ಬಲೆಯಿಲ್ಲ.
ಹಿಡಿಸೂಡಿ ಎತ್ತಿದೆ.

"ಮೋರೆ ನೋಡು," ಎಂದಳು ಫೋನಿನಲ್ಲಿ ಸೆವ್ರಿನ್,
ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು,
"ಕಣ್ಣಿನ ಕೆಳಗೆ ಬಿಳಿ ಪಟ್ಟಿ ಉಂಟಾ?"
ಯಾರ ಮೋರೆಯನ್ನೂ ಇಷ್ಟು ಹತ್ತಿರದಿಂದ
ನೋಡಿರಲಿಲ್ಲ ನಾನು, ಬಹಳ ದಿನದಿಂದ.
ಇತ್ತು.
"ಹಾಗಾದರೆ ಪಾಪದ್ದು. ಜಿರಳೆ ತಿನ್ನುತ್ತದೆ. ಇರಲಿ ಬಿಡು."

ಈಗ ರಾತ್ರಿ ಪಾಳಿ ಮುಗಿಸಿ ಬಂದರೆ
ಲೈಟು ಹಾಕುವ ಮೊದಲು ಕೆಮ್ಮುತ್ತೇನೆ.

ಈ ವಾರ ಹೊಟ್ಟೆಯಡಿ ಪೆಪ್ಪರಮಿಂಟಿನಂಥ
ಬಿಳಿ ಬಿಲ್ಲೆ ಅವುಚಿಕೊಂಡಿದ್ದಾಳೆ.
ಮುಂದೆಯೇ ಜಿರಳೆ ಹೋದರೂ ಮುಟ್ಟುವುದಿಲ್ಲ.
ಒಳಗೆ ಇನ್ನೂರಾದರೂ ಇರಬಹುದಂತೆ.
ಕರಾರುಪತ್ರದಲ್ಲಿ ಓನರ್ ಬರೆಸಿದ್ದು:
ಒಬ್ಬರಿಗೆ ಮಾತ್ರ.