ಹನ್ನೊಂದು ಸಾವಿರ

ವಾಲ್ಪರೈಸೊ ಗುಡ್ಡದ ಮೆಟ್ಟಿಲ ಓಣಿಯಲ್ಲಿ
ಎರ್ಮೆಲಿಂಡಾಳ ಎಂಪನಾಡ ಅಂಗಡಿ.
ಫೋನಿನೊಳಗೆ ಹಿಂಬಾಲಕರು ಹನ್ನೊಂದು ಸಾವಿರ.
ಇನ್ನು ಬೋರ್ಡು ಯಾಕೆ ಅಂತ ಇಳಿಸಿ
ಹಿಟ್ಟಿನ ಡ್ರಮ್ಮಿಗೆ ಮುಚ್ಚಳ ಮಾಡಿದ್ದಳು.

ಮಂಗಳವಾರ ಖಾತೆಗೆ ಬೀಗ ಬಿತ್ತು.
ಹಾಕಿದ್ದು ಯಾರು? ಹೆಸರಿಲ್ಲ.
ಯಾಕೆ? ನಿಯಮ.
ಅಂಗಲಾಚೋಣವೆಂದರೆ ಬಾಗಿಲೂ ಇಲ್ಲ, ಬರೀ
ತಿರುಗುತ್ತಲೇ ಇರುವ ಒಂದು ಸೊನ್ನೆ.

ತಟ್ಟೆಯಲ್ಲಿ ಆರುತ್ತಿವೆ ನಲವತ್ತು:
ಈರುಳ್ಳಿ, ಜೀರಿಗೆ, ಒಂದೊಂದು ಆಲಿವ್.
ಹನ್ನೊಂದು ಸಾವಿರದಲ್ಲಿ
ಒಬ್ಬರ ಮನೆಯೂ ಗೊತ್ತಿಲ್ಲ ಅವಳಿಗೆ.

ಸಂಜೆ ಗಾಳಿ ತಿರುಗಿತು.
ಕೆಳಗಿನ ತಿರುವಿನ ಮುದುಕ ಎಲೆಯುತೇರಿಯೊ
ಘಮದ ಜಾಡು ಹಿಡಿದು, ಏದುತ್ತ ಬಂದ:
"ಮುಚ್ಚಿಬಿಟ್ಟೆ ಅಂದ್ಕೊಂಡಿದ್ದೆ ಮಾರಾಯ್ತಿ,
ಮೂರು ವರ್ಷದಿಂದ ಬೋರ್ಡೇ ಇಲ್ಲ."

ಎರಡು ಕಟ್ಟಿಕೊಟ್ಟಳು.
ಅವನು ಇಳಿದು ಹೋದಮೇಲೆ
ಡ್ರಮ್ಮಿನ ಮುಚ್ಚಳ ತೆಗೆದು ಒರೆಸಿದಳು.
ಅಕ್ಷರದ ಸಂದಿಯಲ್ಲಿ ಹಿಟ್ಟು
ಉಳಿದೇ ಇತ್ತು.