ಮಿನಿಟಿಗೆ ನೂರಾ ಅರವತ್ತು ಶಬ್ದ

ಶನಿವಾರ ರಾತ್ರಿ ಒಂಬತ್ತಕ್ಕ
ಬೇಲೀಫ್ ಬಾಬುಷಾ ನದಾಫ ಬರತಾನ,
ಕೈಯಾಗ ಚುರಮರಿ ಚೀಲ, ಕಿಸೆದಾಗ ಎರಡು ಹಸಿಮೆಣಸಿನಕಾಯಿ.
ಇಬ್ಬರೂ ರಿಟಾಯರ್ ಆಗಿ ಹನ್ನೊಂದು ವರ್ಷ.
"ಸ್ಟೆನೋ ಬಾಯಾರ, ಇವತ್ತ ಎಷ್ಟು ಖೂನಿ?"
"ಮೂರು. ಮ್ಯಾಲೊಂದು ಬ್ಯಾಂಕ್ ದರೋಡೆ."
"ಹಂಗಾರ ಚಾ ಕಡಕ್ ಮಾಡ್ರಿ."

ಕ್ಯಾಂಪಿನಾಗ ಡಿಸೋಜಾರ ಫೋಟೋ ಸ್ಟುಡಿಯೋ ಮುಚ್ಚುವಾಗ
ಅವರ ಮಗಳು ಕೊಟ್ಟದ್ದು, ಬಿಸ್ಕೀಟ್ ಡಬ್ಬಿ ತುಂಬ ಡಿಸ್ಕು.
ಎಲ್ಲಾ ಅಮೆರಿಕಾದ್ದು, ಎಲ್ಲಾ ಕರಿದು-ಬಿಳಿದು,
ನಮ್ಮಪ್ಪ ಇನ್ನ ಅಂಬೆಗಾಲಿಡುವಾಗ ತಗದದ್ದು.
ಅಲ್ಲಿ ಕೆಲಸ ಸತ್ತು, ಬ್ಯಾಂಕು ಮುಳುಗಿ,
ಮಂದಿ ಗಂಜಿಗೆ ಪಾಳಿ ಹಚ್ಚಿ ನಿಂತ ವರ್ಷಗಳು.

ಆ ಪಾಳಿಯಾಗ ನಿಂತವರೂ ಟೋಪಿ ಹಾಕ್ಕೊಂಡಾರ ನೋಡ್ರಿ.
ಹೊಟ್ಟಿ ಖಾಲಿ, ಟೋಪಿ ಮಾತ್ರ ನೆಟ್ಟಗ.
ಸಾಯೋವಾಗ ಮೊದಲ ಟೋಪಿ ಬೀಳತದ, ಆಮ್ಯಾಲೆ ಮನಷ್ಯಾ.
ರಕ್ತ ಅಂದ್ರ ಕರಿ ಶಾಯಿ.
ಮಳಿ ಬರೀ ರಾತ್ರಿ ಬರತದ, ಅದೂ ಕಳ್ಳರ ಓಣಿಗಷ್ಟ.
ಅದರಾಗೊಬ್ಬಾಕಿ, ಪಿಸ್ತೂಲ ಹಿಡಿದವನ ಮುಂದ ಕುಂತು
ಸೇಬು ಹೆಚ್ಚತಾಳ.
ಚಾಕು ಒಮ್ಮಿನೂ ನಿಲ್ಲಂಗಿಲ್ಲ.
ಆಕೀನ ನೋಡಲಿಕ್ಕ ಆ ಒಂದ ಡಿಸ್ಕ್ ನಾಕು ಸಲ ಹಾಕೀವಿ.

ಮತ್ತ ಆ ಮಾತು!
ಉಸಿರ ತಗೊಳ್ಳಲಾರದ ಮಾತು,
ಫರ್ಶಿ ಮ್ಯಾಲೆ ಚಿಲ್ಲರಿ ಚೆಲ್ಲಿದಂಥಾ ಮಾತು.
ಬಾಬುಷಾಗ ಇಂಗ್ಲಿಷ್ ಬರೋದು ಸಮನ್ಸಿನಷ್ಟ.
ನನಗ ತಿಳೀತದೋ ಇಲ್ಲೋ, ನನ್ನ ತೋರಬೆರಳಿಗೆ ತಿಳೀತದ.
ಮೂವತ್ನಾಲ್ಕು ವರ್ಷ ಸಾಕ್ಷಿ ಬರಕೊಂಡ ಬೆರಳು
ಮೊಣಕಾಲ ಮ್ಯಾಲೆ, ಸೀರಿ ನೆರಗಿ ಮ್ಯಾಲೆ
ಗೆರಿ, ಕೊಂಡಿ, ಚುಕ್ಕಿ ಹಾಕ್ಕೋತ ಓಡತದ.
ಮಿನಿಟಿಗೆ ನೂರಾ ಅರವತ್ತು.
ನಮ್ಮ ಕೋರ್ಟಿನಾಗ ಯಾವ ವಕೀಲನೂ
ಇಷ್ಟು ಓಡಿಸಿರಲಿಲ್ಲ ನನ್ನ.
ಅಲ್ಲಿ ತಪ್ಪೊಪ್ಪಿಕೊಳ್ಳಲಿಕ್ಕ ಒಂದ ಸಿಗರೇಟು ಸಾಕು;
ನಮ್ಮಲ್ಲಿ ಒಂದು ಬಾಂದಗಲ್ಲಿನ ದಾವಾ
ಮೂರು ಜಡ್ಜರ ಕೂದಲ ಬೆಳ್ಳಗ ಮಾಡಿ, ಮತ್ತ ಮುಂದಿನ ತಾರೀಖು.

ವಡಗಾವಿ ಓಣಿ ಇದು. ಗ್ವಾಡಿ ಆಚೆ ಪವರ್‌ಲೂಮ್,
ಖಟಾಖಟ್ ಖಟಾಖಟ್.
ಪಡದೆದಾಗ ಮಶೀನ್‌ಗನ್ ಹೊಡದಾಗ
ಯಾವುದು ಒಳಗಿಂದು, ಯಾವುದು ಹೊರಗಿಂದು ಗೊತ್ತಾಗಂಗಿಲ್ಲ.
ಕರೆಂಟು ಹೋದ್ರ ಎರಡೂ ಒಮ್ಮೆಲೆ ನಿಲ್ಲತಾವ,
ದರೋಡೆಖೋರ ಬಾಗಿಲದಾಗ, ಸೆರಗು ಮಗ್ಗದಾಗ.
ಕತ್ತಲಾಗ ಬಾಬುಷಾ ಚುರಮರಿ ಅಗಿಯೋ ಸದ್ದಷ್ಟ.

ಹೋದ ವಾರದ್ದರಾಗ ಖೂನಿ ಬಾಳ ತಡಾ ಆತು.
ಮೊದಲ ಅರ್ಧಾ ತಾಸು ಒಂದು ಮನಿ. ಬಾಡಿಗಿ ಬಾಕಿ.
ಟೋಪಿ ಹಾಕಿದ ಅಮೀನ ಬಂದು
ಖುರ್ಚಿ, ಲಾಂದ್ರ, ತೊಟ್ಲ
ಒಂದೊಂದ ಬೀದಿಗಿ ತಂದಿಡಸತಾನ, ಕಾಗದದಾಗ ಬರಕೋತಾನ.
ಆ ಮನಿ ಹಿರೇ ಮಗನ ಮುಂದ ಬ್ಯಾಂಕ್ ಲೂಟಿ ಮಾಡೋದು.
ಬಾಬುಷಾ ನೀರ ಕುಡೀಲಿಕ್ಕ ಎದ್ದು ಹೋದ.
ಬಾಳೊತ್ತು ಕೊಡದ ಮುಂದನ ನಿಂತಿದ್ದ.

ಎಂಬತ್ತೇಳನೇ ಇಸವಿ. ಇದ ಓಣಿ, ಮೂರು ಮನಿ ಆಚೆ.
ಅವ ಬರಕೊಂಡು ಬಂದದ್ದ ನಾನ ಟೈಪ್ ಮಾಡಿದ್ದೆ,
ಎರಡು ಕಾರ್ಬನ್ ಹಚ್ಚಿ:
ಒಂದು, ಮಗ್ಗ. ಎರಡು, ಲಾಳಿ, ಹನ್ನೆರಡು.
ಮೂರು, ಮಗ್ಗದ ಮ್ಯಾಲೆ ಅರ್ಧಾ ನೇಯ್ದ ಸೀರಿ, ಬಣ್ಣ
ಅಂತ ಬರದು, ಮುಂದ ಖಾಲಿ ಬಿಟ್ಟಿದ್ದ.
ಕೇಳಿದೆ. "ನೋಡಲಿಲ್ಲ ಬಾಯಾರ," ಅಂದ.
ಒಂದು ಅಡ್ಡಗೀಟು ಹೊಡದು ಮುಂದ ಹೋದೆ ನಾನೂ.

ಕಡೀಕ ಹುಡುಗ ಪಾವಟಿಗಿ ಮ್ಯಾಲೆ ಬಿದ್ದ. ಟೋಪಿ ಮೊದಲ.
ಆ ಚಿತ್ರದವರ ಕರಾರ ಅದು:
ಕಳ್ಳ ಉಳದು ಮನಿಗೆ ಹೋಗೂ ಹಂಗಿಲ್ಲ.
ಬಾಬುಷಾ ಕೇಳಿದ, "ಆ ಅಮೀನ ಏನಾದ?"
"ಅವನ ಪಾರ್ಟು ಅಲ್ಲೇ ಮುಗೀತಲ್ಲ. ಮತ್ತ ತೋರಿಸಲಿಲ್ಲ."
"ಹಾಂ," ಅಂದ. ಕಾಲಾಗ ಚಪ್ಪಲಿ ಹುಡುಕಿದ.
ಆಮ್ಯಾಲೆ ಬಾಗಿಲದಾಗ ನಿಂತು, ಲೂಮಿನ ಸದ್ದಿಗಿಂತ ಜೋರಾಗಿ,
"ಮುಂದಿನ ವಾರ ಆ ಸೇಬು ಹೆಚ್ಚಾಕೀದು ಹಾಕ್ರಿ."